ಕಣ್ಣ ಪಕ್ಕದ ನೇರಳೆ ಗೆರೆ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಕಾಲೇಜು ಸೇರಿದಾಗಿನಿಂದ ನಾನು ದಿನಚರಿ ಬರೆಯುತ್ತ ಬಂದವಳು. ಆದರೆ ಈಗ ಹೇಳಹೊರಟಿರುವ ತಿಂಗಳುಗಳಲ್ಲಿ ನನಗೆ ಒಂದು ಸಾಲು ಎರಡಾಗಿ ಕಾಣುತ್ತಿತ್ತು. ಪೆನ್ನನ್ನು ಯಾವ ಸಾಲಿನ ಮೇಲೆ ಇಡಬೇಕೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ನಾನು ಅತಿ ಹೆಚ್ಚು ಹೆದರಿದ ದಿನಗಳ ಬಗ್ಗೆ ಬರೆದಿಟ್ಟದ್ದು ಏನೂ ಇಲ್ಲ, ನೆನಪು ಮಾತ್ರ ಇದೆ. ಆ ವರ್ಷ ದೀಪಾವಳಿಯ ಹಿಂದಿನ ದಿನ ಮಳೆ ಸುರಿದಿತ್ತು ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಚಿಕ್ಕಪ್ಪ ಮಾತ್ರ ಇಲ್ಲ, ಸುಡುಬಿಸಿಲು, ಹಿತ್ತಲಲ್ಲಿ ತೆಂಗಿನ ಗೆರಟೆ ಒಣಗಿಸಿದ್ದೆವು ಅನ್ನುತ್ತಾರೆ. ಮಳೆಯನ್ನೇ ತಪ್ಪಾಗಿ ನೆನಪಿಟ್ಟುಕೊಂಡವಳು ಒಂದು ಗೆರೆಯನ್ನು ಸರಿಯಾಗಿ ನೆನಪಿಟ್ಟುಕೊಂಡಿರುತ್ತೇನೆಯೇ?

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದರಾಸಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಚಿಕ್ಕಪ್ಪ ಟಿ. ನಗರದಲ್ಲಿ ಹೋಟೆಲು ನಡೆಸುತ್ತಿದ್ದರು. ಇಡ್ಲಿ, ದೋಸೆ, ಮಧ್ಯಾಹ್ನ ಊಟ. ಮನೆ ಅದರ ಹಿಂದಿನ ಬೀದಿಯಲ್ಲಿ. ಅಪ್ಪ ಅಮ್ಮ ಊರಲ್ಲಿ, ಉಡುಪಿಯ ಹತ್ತಿರ. ಓದಲೆಂದು ಬಂದವಳು ಎಂ.ಎ. ಮುಗಿಸಿ ಇಲ್ಲೇ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಕೆಲಸಕ್ಕೆ ಸೇರಿಕೊಂಡಿದ್ದೆ. ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ನನ್ನ ಜಡೆ ಹಾಕುವುದು, ನನ್ನ ಊಟದ ಡಬ್ಬಿ ಕಟ್ಟುವುದು, ಬಸ್ಸು ತಡವಾದರೆ ಗೇಟಿನಲ್ಲಿ ನಿಂತು ಬೈಯುವುದು ಎಲ್ಲ ಅವಳದೇ.

ಮೊದಲು ಕೈ ನಡುಗತೊಡಗಿತು. ಬೋರ್ಡಿನ ಮೇಲೆ ಬರೆದ ಇಸವಿಗಳು ಹುಳದ ಹಾಗೆ ಕಾಣುತ್ತಿದ್ದವು. ತಿಂದಷ್ಟೂ ತೂಕ ಇಳಿಯಿತು. ಗಂಟಲಿನ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದು ತಿಳಿದು ಮಾತ್ರೆ ಶುರುವಾಯಿತು. ನಡುಕ ನಿಂತಿತು. ಅಷ್ಟರಲ್ಲಿ ಕಣ್ಣು ಶುರುವಾಯಿತು. ಎರಡೂ ಕಣ್ಣುಗುಡ್ಡೆಗಳು ನಿಧಾನವಾಗಿ ಮುಂದಕ್ಕೆ ಬಂದವು. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ನಿದ್ದೆಯಲ್ಲೂ ಬಿಳಿ ಕಾಣುತ್ತದೆ ಎಂದು ಚಿಕ್ಕಮ್ಮ ಒಮ್ಮೆ ಹೇಳಿಬಿಟ್ಟು, ಆಮೇಲೆ ಹೇಳಬಾರದಿತ್ತು ಎಂಬಂತೆ ಬಾಯಿ ಒತ್ತಿಕೊಂಡಳು. ಕಾಪಿ ಹೊಡೆಯುವವರನ್ನು ಆಗಷ್ಟೇ ಹಿಡಿದ ಹಾಗೆ ಮಿಸ್ ಯಾವಾಗಲೂ ನೋಡುತ್ತಾರೆ ಎಂದು ತರಗತಿಯಲ್ಲಿ ಒಬ್ಬಳು ಹೇಳಿದ್ದು ನನ್ನ ಕಿವಿಗೆ ಬಿತ್ತು. ಒಳ್ಳೆಯ ತಮಾಷೆಯೇ. ನಾನೂ ನಕ್ಕೆ. ಮನೆಗೆ ಬಂದು ಕೋಣೆಯ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಚಿಕ್ಕಮ್ಮ ಅದನ್ನು ನೋಡಿದಳು. ಹಾಲ್‌ನಲ್ಲಿದ್ದ ಕನ್ನಡಿಯ ಮೇಲೂ ಮರುದಿನದಿಂದ ಮೈ ಒರೆಸುವ ಒಂದು ಬೈರಾಸು ನೇತಾಡತೊಡಗಿತು.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಕೆಂಪು ಬಣ್ಣ. ಒಂದು ಬೆಳಿಗ್ಗೆ ಚಿಕ್ಕಮ್ಮನ ಹಣೆಯ ಕುಂಕುಮ ಕಾಫಿಪುಡಿಯ ಹಾಗೆ ಕಂಡಿತು. ಬೇರೆ ಕುಂಕುಮ ತಂದಿದ್ದೀಯಾ ಎಂದು ಕೇಳಿದೆ. ಎಡಗಣ್ಣು ಮುಚ್ಚಿದೆ; ಬಲಗಣ್ಣಿಗೆ ಕೆಂಪಾಗಿಯೇ ಇತ್ತು. ಬಲಗಣ್ಣು ಮುಚ್ಚಿದೆ, ಕಾಫಿಪುಡಿ. ಕಣ್ಣಿನ ಡಾಕ್ಟರು ಔಷಧಿ ಬಾಟಲಿಯ ಕೆಂಪು ಮುಚ್ಚಳ ಒಂದನ್ನು ಒಂದೊಂದೇ ಕಣ್ಣಿಗೆ ತೋರಿಸಿ ಇದನ್ನೇ ಕೇಳಿದರು, ಮತ್ತೆ ಮತ್ತೆ ಕೇಳಿದರು. ಕಣ್ಣಿನ ಹಿಂದೆ ಸ್ನಾಯುಗಳು ಊದಿಕೊಂಡು ಕಣ್ಣಿನ ನರವನ್ನು ಅಮುಕುತ್ತಿವೆ, ಬಣ್ಣ ಮೊದಲು ಹೋಗುತ್ತದೆ ಎಂದರು. ಆಮೇಲೆ ಏನು ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಓದಿ ಬದುಕುವವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಮುಖ ಪೂರಿಯ ಹಾಗೆ ಉಬ್ಬಿತು, ರಕ್ತದಲ್ಲಿ ಸಕ್ಕರೆ ಏರಿತು, ನಿಲ್ಲಿಸಬೇಕಾಯಿತು. ಉಳಿದದ್ದು ಎರಡು ದಾರಿ. ಒಂದು, ಕಣ್ಣಿನ ಗೂಡಿನ ಮೂಳೆ ಕತ್ತರಿಸಿ ಜಾಗ ಮಾಡಿಕೊಡುವ ಆಪರೇಷನ್. ಇನ್ನೊಂದು, ಕಣ್ಣಿನ ಹಿಂಭಾಗಕ್ಕೆ ವಿಕಿರಣ. ಹೊರದೇಶಗಳಲ್ಲಿ ಮಾಡುತ್ತಿದ್ದಾರೆ, ಕೆಲವರಿಗೆ ಊತ ಇಳಿದಿದೆ, ಎಲ್ಲರಿಗೂ ಅಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಪ್ರಾಮಾಣಿಕತೆ ನನಗೆ ಧೈರ್ಯ ಕೊಡಬೇಕಿತ್ತು. ಕೊಡಲಿಲ್ಲ. ಆದರೂ ವಿಕಿರಣವನ್ನೇ ಆರಿಸಿಕೊಂಡೆ.

ಮದರಾಸಿನಲ್ಲಿ ಜನ ಅದನ್ನು ಕರೆಂಟು ಇಡುವುದು ಅನ್ನುತ್ತಿದ್ದರು. ಕರೆಂಟು ಇಡುವುದು ಕ್ಯಾನ್ಸರ್ ಆಸ್ಪತ್ರೆಯಲ್ಲಿ. ನನಗೆ ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಚಿಕ್ಕಮ್ಮನಿಗೆ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ಕೈಸನ್ನೆಯಲ್ಲೂ ಹೇಳಿದರು. ಅವಳು ತಲೆಯಾಡಿಸಿದಳು. ಮನೆಗೆ ಬಂದ ಮೇಲೆ, ಅಲ್ಲದಿದ್ದರೆ ಅಲ್ಲಿಗೆ ಯಾಕೆ ಕಳಿಸುತ್ತಾರೆ ಎಂದು ಚಿಕ್ಕಪ್ಪನನ್ನು ಅಡುಗೆಮನೆಯಲ್ಲಿ ಕೇಳುತ್ತಿದ್ದಳು. ಊರಿಗೆ, ಕಣ್ಣಿಗೆ ಲೈಟು ಹಿಡಿಯುತ್ತಾರಂತೆ ಎಂದಷ್ಟೇ ತಿಳಿಸಿದೆವು.

ಮೊದಲ ದಿನ ಯಂತ್ರದ ಹತ್ತಿರವೂ ಕರೆದೊಯ್ಯಲಿಲ್ಲ. ಒಂದು ಮೇಜಿನ ಮೇಲೆ ಮಲಗಿಸಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಒತ್ತಿಟ್ಟು, ಟೆಕ್ನಿಷಿಯನ್ ಅಳತೆಪಟ್ಟಿಯಿಂದ ಅಳೆದು ಸಣ್ಣ ಕುಂಚದಲ್ಲಿ ಗೆರೆ ಎಳೆದರು. ಕಣ್ಣಿನ ಹೊರತುದಿಗೂ ಕಿವಿಗೂ ನಡುವೆ, ಎರಡೂ ಕಡೆ, ನೇರಳೆ ಬಣ್ಣದ ಚೌಕ. ನಡುವಯಸ್ಸಿನವರು, ವಿಭೂತಿ ಇಟ್ಟುಕೊಂಡಿದ್ದರು, ಬಾಯಲ್ಲಿ ಸದಾ ಲವಂಗ. ಕಿರಣ ಪಕ್ಕದಿಂದ ಒಳಗೆ ಹೋಗಿ ಕಣ್ಣುಗುಡ್ಡೆಯ ಹಿಂದಷ್ಟೇ ದಾಟಬೇಕು, ಗೆರೆ ಸ್ವಲ್ಪ ಮುಂದೆ ಬಂದರೂ ಕಣ್ಣಿನ ಮಸೂರಕ್ಕೆ ತಾಗುತ್ತದೆ, ಈಗ ಗೊತ್ತಾಗುವುದಿಲ್ಲ, ವರ್ಷಗಳ ಮೇಲೆ ಪೊರೆ ಬರಬಹುದು ಎಂದು ವಿವರಿಸಿದರು. ಆದ್ದರಿಂದ ಚಿಕಿತ್ಸೆ ಮುಗಿಯುವ ಎರಡು ವಾರ ಸೋಪು ಇಲ್ಲ, ಎಣ್ಣೆ ಇಲ್ಲ, ಮುಖಕ್ಕೆ ನೀರು ಹಾಕುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಗಲ್ಲ ಒರೆಸಿಕೊಂಡರೆ ಸಾಕು. ಇದು ನಾನು ಹಾಕಿದ ಕೋಲ, ಇದನ್ನು ಯಾರೂ ತುಳಿಯಬಾರದು ಎಂದು ಚಿಕ್ಕಮ್ಮನ ಕಡೆ ನೋಡಿ ನಕ್ಕರು. ರಂಗೋಲಿಗೆ ತಮಿಳರು ಕೋಲ ಅನ್ನುತ್ತಾರೆ. ಚಿಕ್ಕಮ್ಮ ನಗಲಿಲ್ಲ. ಆ ಗೆರೆಯನ್ನೇ ನೋಡುತ್ತಿದ್ದಳು.

ವಿಕಿರಣ ಕೊಡುವ ಕೋಬಾಲ್ಟ್ ಯಂತ್ರದ ಕೋಣೆಯ ಬಾಗಿಲು ದೇವಸ್ಥಾನದ ಬಾಗಿಲಿಗಿಂತ ದಪ್ಪ. ನನ್ನನ್ನು ಮಲಗಿಸಿ, ಯಂತ್ರದ ಬೆಳಕನ್ನು ಗೆರೆಗೆ ಹೊಂದಿಸಿ, ಅಲ್ಲಾಡಬೇಡಿ ಎಂದು ಹೇಳಿ ಎಲ್ಲರೂ ಹೊರಗೆ ಹೋಗಿಬಿಡುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನೋ ಜರುಗಿದ ಸದ್ದು, ಆಮೇಲೆ ಒಂದು ಸಣ್ಣ ಗುಂಯ್‌ಗುಡುವಿಕೆ. ನೋವಿಲ್ಲ, ಬಿಸಿಯಿಲ್ಲ. ಅದೇ ಭಯ. ಏನಾದರೂ ಆಗುತ್ತಿದೆ ಎಂದು ಗೊತ್ತು, ಏನಾಗುತ್ತಿದೆ ಎಂದು ಗೊತ್ತಿಲ್ಲ. ಅದನ್ನು ಮಾಡುವವರೇ ಅದರಿಂದ ಓಡಿಹೋಗಿ ಗೋಡೆಯ ಹಿಂದೆ ನಿಂತಿದ್ದಾರೆ. ಉಸಿರಾಡಿದರೆ ತಲೆ ಅಲುಗೀತು ಎಂದು ಉಸಿರು ಹಿಡಿಯುತ್ತಿದ್ದೆ. ಉಸಿರು ಹಿಡಿದರೆ ಎದೆ ಹೊಡೆದುಕೊಂಡು ಅದರಿಂದಲೇ ತಲೆ ಅಲುಗುತ್ತಿದೆ ಅನ್ನಿಸುತ್ತಿತ್ತು.

ಹೊರಗೆ ಬೆಂಚುಗಳಲ್ಲಿ ಕುಳಿತವರ ಮೈಮೇಲೆಲ್ಲ ಅದೇ ನೇರಳೆ ಗೆರೆಗಳು. ಕುತ್ತಿಗೆಯಲ್ಲಿ, ಗಲ್ಲದಲ್ಲಿ, ಸೀರೆಯ ಅಂಚಿನಿಂದ ಇಣುಕುವ ಎದೆಯ ಮೇಲೆ. ನಾವೆಲ್ಲ ಒಂದೇ ಕುಲದವರ ಹಾಗಿದ್ದೆವು. ಬಸ್ಸಿನಲ್ಲಿ ತಲೆಗೆ ಸೆರಗು ಹೊದ್ದು ಕಪ್ಪು ಕನ್ನಡಕ ಹಾಕುತ್ತಿದ್ದೆ, ಆದರೂ ಯಾರಾದರೂ ಗೆರೆ ಕಂಡು ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. ಇವರಿಗೆ ನನ್ನ ಬಗ್ಗೆ ನನಗೆ ತಿಳಿಯದ್ದೇನೋ ತಿಳಿದಿದೆ ಅನ್ನಿಸುತ್ತಿತ್ತು.

ಎರಡು ವಾರದ ನಡುವೆ ದೀಪಾವಳಿ ಬಂತು. ಆ ದಿನ ಆಸ್ಪತ್ರೆಯಲ್ಲಿ ಕರೆಂಟು ಇಲ್ಲ, ಮರುದಿನ ಬನ್ನಿ ಎಂದಿದ್ದರು.

ನಮ್ಮ ಕಡೆ ಹಬ್ಬದ ಹಿಂದಿನ ದಿನ ಬಚ್ಚಲ ಹಂಡೆಗೆ ನೀರು ತುಂಬುತ್ತಾರೆ. ಚಿಕ್ಕಮ್ಮ ಮದುವೆಯಾಗಿ ಬರುವಾಗ ಊರಿಂದ ತಂದ ತಾಮ್ರದ ಹಂಡೆ ವರ್ಷಕ್ಕೊಮ್ಮೆ ಈ ಕೆಲಸಕ್ಕೇ ಹೊರಗೆ ಬರುತ್ತಿತ್ತು. ಹುಣಸೆಹುಳಿ ಹಾಕಿ ಉಜ್ಜಿ, ಬಳ್ಳಿ ಸುತ್ತಿ, ಜೇಡಿಮಣ್ಣು ಕಲಸಿ ಹಂಡೆಯ ಕುತ್ತಿಗೆಯ ಸುತ್ತ ಬೆರಳಿನಿಂದ ಬಿಳಿ ಗೆರೆಗಳನ್ನು ಎಳೆಯುತ್ತಿದ್ದಳು. ಸುತ್ತಿಬಂದ ಗೆರೆ ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು. ಅವಳ ಕೈ ಅಂಥದು. ಪಕ್ಕದ ಮನೆಯ ಮಾಮಿ ಒಮ್ಮೆ ನಿಮ್ಮೂರಲ್ಲಿ ಕೋಲ ಇಷ್ಟು ಚಿಕ್ಕದಾ ಎಂದು ಚುಚ್ಚಿದ್ದಕ್ಕೆ, ಮರುದಿನ ಬೆಳಕು ಹರಿಯುವುದರೊಳಗೆ ಚಿಕ್ಕಮ್ಮನ ಕೋಲ ಆ ಮಾಮಿಯ ಗೇಟನ್ನೇ ಮುಟ್ಟಿತ್ತು.

ನಸುಕಿನಲ್ಲಿ ಗೆರಟೆ ಉರಿಯ ವಾಸನೆಗೆ ಎಚ್ಚರವಾಯಿತು. ಚಿಕ್ಕಮ್ಮ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಬೇಡ ಎಂದೆ. ಅವರು ಅಷ್ಟು ಹೇಳಿದ್ದಾರಲ್ಲ ಎಂದೆ.

"ಸೂತಕದ ಮನೆಯವರು ಮಾತ್ರ ಇವತ್ತು ಎಣ್ಣೆ ಮುಟ್ಟುದಿಲ್ಲ. ಈ ಮನೆಯಲ್ಲಿ ಯಾರು ಸತ್ತಿದ್ದಾರೆ, ಹೇಳು ನೋಡುವ."

ಅವಳ ದನಿಯಲ್ಲಿ ಕೋಪ ಇರಲಿಲ್ಲ. ನನ್ನಷ್ಟೇ ಹೆದರಿದ್ದಾಳೆ ಎಂದು ಆಗ ನನಗೆ ಗೊತ್ತಾಯಿತು.

"ಗೆರೆ ಅಳಿಸಿದರೆ?" ಎಂದೆ.

"ನೆತ್ತಿಗೆ ಮಾತ್ರ ಹಚ್ತೇನೆ. ಆ ಕಡೆ ನನ್ನ ಕೈ ಹೋಗುದೇ ಇಲ್ಲ. ಎಂತ ಮಾರಾಯ್ತಿ, ನನ್ನ ಕೈ ಮೇಲೆ ನಂಬಿಕೆ ಇಲ್ವಾ ನಿನಗೆ?"

ಅವಳು ಆರತಿ ಎತ್ತಿ, ನೆತ್ತಿಗೆ ಎಣ್ಣೆಯಿಟ್ಟು ತಟ್ಟಿದಳು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತೆ. ಮುಚ್ಚದ ರೆಪ್ಪೆಗಳ ಸಂದಿನಿಂದ ಸೀಗೆಪುಡಿ ಒಳಗೆ ಹೋದರೆ ಎಂಬ ಭಯಕ್ಕೆ ಒದ್ದೆ ಬಟ್ಟೆ ಮಡಿಸಿ ಎರಡೂ ಕಣ್ಣಿಗೆ ಒತ್ತಿಹಿಡಿದಿದ್ದೆ. ಆದ್ದರಿಂದ ನಾನು ಏನನ್ನೂ ನೋಡಲಿಲ್ಲ. ಬಿಸಿನೀರು, ಸೀಗೆಪುಡಿಯ ಒಗರು ವಾಸನೆ, ಮತ್ತೆ ನೀರು. ತಲೆ ಹಿಂದಕ್ಕೆ ಬಾಗಿಸು ಎಂದಳು, ಬಾಗಿಸಿದೆ. ನಡುವೆ ಒಮ್ಮೆ ಅವಳ ಕೈ ನಿಂತಿತು. ಚೆಂಬು ಹಂಡೆಗೆ ತಾಗಿದ ಸದ್ದು ಬಂತು, ಆಮೇಲೆ ಏನೂ ಇಲ್ಲ. ಎಂತಾಯ್ತು ಎಂದು ಕೇಳಿದೆ. ಎಂತ ಇಲ್ಲ, ನೀರು ಆರ್ತಾ ಉಂಟು ಅಂದಳು.

ಕೈ ನಿಂತದ್ದು ನನ್ನ ಎಡಗಡೆ. ಹಾಗೆಂದು ಈಗ ಬರೆಯುತ್ತಿದ್ದೇನೆ. ಎಡಗಡೆ ಎಂಬುದು ಆಗಲೇ ನೆನಪಿನಲ್ಲಿತ್ತೋ, ಆಮೇಲೆ ಆದದ್ದನ್ನು ಕಂಡು ನಾನೇ ಸೇರಿಸಿಕೊಂಡೆನೋ ಗೊತ್ತಿಲ್ಲ.

ಸ್ನಾನವಾದ ಮೇಲೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯಲು ಕೂರಿಸಿದಳು. ಕಣ್ಣಿನ ಮೇಲಿನ ಬಟ್ಟೆ ತೆಗೆಯಬೇಡ, ಹೊಗೆ ಹೋದೀತು ಎಂದಳು. ಹಾಗೆ ಕುಳಿತಿರುವಾಗ ಕಣ್ಣಿನ ಪಕ್ಕದಲ್ಲಿ ಏನೋ ತಣ್ಣಗೆ ತಾಗಿ, ನೆಟ್ಟಗೆ ಸರಿದ ಹಾಗೆ ನೆನಪು. ಒದ್ದೆ ಕೂದಲಿನ ಎಳೆ ಇರಬಹುದು. ಅವಳ ಬೆರಳಿರಬಹುದು. ಟೆಕ್ನಿಷಿಯನ್ ಕುಂಚ ತಾಗಿಸಿದಾಗಲೂ ಹೀಗೇ ತಣ್ಣಗಾಗುತ್ತಿತ್ತು. ಆಸ್ಪತ್ರೆಯ ಮೇಜಿನ ಮೇಲಿನ ಸ್ಪರ್ಶವೊಂದು ಜಾರಿ ಬಂದು ಈ ಬೆಳಗಿನ ನೆನಪಿನೊಳಗೆ ಕುಳಿತಿರಲೂಬಹುದು.

ಬೇಲಿಯಾಚೆಯಿಂದ ಮಾಮಿ, ಮದರಾಸಿನಲ್ಲಿ ಆ ದಿನ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದರು: ಗಂಗಾಸ್ನಾನ ಆಯಿತಾ? ಚಿಕ್ಕಮ್ಮ ಬೀದಿಗೆಲ್ಲ ಕೇಳುವಂತೆ, ಆಯಿತು, ಎಲ್ಲರಿಗೂ ಆಯಿತು, ನಮ್ಮ ಹುಡುಗಿಗೂ ಆಯಿತು ಎಂದಳು. ಆಮೇಲೆ ಹಬ್ಬದ ಲೇಹ್ಯವನ್ನು ಉಂಡೆ ಮಾಡಿ ನನ್ನ ಅಂಗೈಗೆ ಹಾಕಿದಳು. ಅವಳ ತೋರುಬೆರಳ ತುದಿ ನೇರಳೆಯಾಗಿತ್ತು.

ಕೇಳಿದೆ. ಹೋಟೆಲಿನ ಭಟ್ಟರು ಚಿರೋಟಿ ಕರಿಯುವಾಗ ಕೈ ಸುಟ್ಟುಕೊಂಡರು, ನೀಲಿಮದ್ದು ಹಚ್ಚಿದೆ ಎಂದಳು. ಅದು ಸುಳ್ಳಾಗಿರಬೇಕಿಲ್ಲ. ಹೋಟೆಲಿನವರ ಮನೆಯಲ್ಲಿ ನೀಲಿಮದ್ದಿನ ಬಾಟಲಿ ಉಪ್ಪಿನ ಭರಣಿಯ ಹಾಗೆ, ಯಾವಾಗಲೂ ಇರುವಂಥದು. ಭಟ್ಟರ ಕೈಮೇಲೆ ನೇರಳೆ ಕಲೆ ಇಲ್ಲದ ದಿನವನ್ನು ನಾನು ನೋಡಿಲ್ಲ. ಆಸ್ಪತ್ರೆಯಲ್ಲಿ ನನಗೆ ಗೆರೆ ಎಳೆಯುತ್ತಿದ್ದದ್ದೂ ಅದೇ ಮದ್ದಿನಲ್ಲಿ. ಅಷ್ಟೇ ಅಲ್ಲ, ಬಣ್ಣಗಳೇ ಸರಿಯಾಗಿ ಕಾಣದ ಕಣ್ಣಿಗೆ ಕಂಡ ನೇರಳೆ ಅದು. ನಾನು ಎದ್ದುಹೋಗಿ ಹಾಲ್‌ನ ಕನ್ನಡಿಯ ಮೇಲಿನ ಬೈರಾಸು ಸರಿಸಿ ನೋಡಿದ್ದರೆ ಎಲ್ಲ ತಿಳಿದುಹೋಗುತ್ತಿತ್ತು. ಅದರ ಮುಂದೆ ಹೋಗಿ ನಿಂತದ್ದು ನಿಜ. ಬೈರಾಸನ್ನು ಮುಟ್ಟಲಿಲ್ಲ. ಗೆರೆಗೆ ಹೆದರಿದೆನೋ, ಆ ಕಣ್ಣುಗಳಿಗೆ ಹೆದರಿದೆನೋ.

ಮರುದಿನ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ ನನ್ನ ತಲೆ ಆಚೀಚೆ ತಿರುಗಿಸಿ ನೋಡಿದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಇವತ್ತು ಗೆರೆ ಚೆನ್ನಾಗಿ ಕಾಣುತ್ತಿದೆ, ಹೀಗೇ ಜೋಪಾನ ಮಾಡಿ ಎಂದು ತಮಿಳಿನಲ್ಲಿ ಹೊಗಳಿ, ಕುಂಚ ಅದ್ದಿ, ಇದ್ದ ಗೆರೆಯ ಮೇಲೇ ಇನ್ನೊಮ್ಮೆ ಎಳೆದರು. ಅಳತೆಪಟ್ಟಿ ತೆಗೆದರೇ? ದಿನವೂ ಅಳೆಯುತ್ತಿದ್ದರೇ, ಮೊದಲ ದಿನ ಮಾತ್ರವೇ? ಎಷ್ಟು ಹಿಂಡಿದರೂ ನನಗೆ ನೆನಪಾಗುವುದು ಲವಂಗದ ವಾಸನೆ ಮಾತ್ರ. ಹಬ್ಬದ ಸ್ನಾನದ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಬಾಗಿಲ ಬಳಿ ಚಿಕ್ಕಮ್ಮ ನಿಂತಿದ್ದಳು, ಕೈ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು. ಅವರು ಅಲ್ಲಾಡಬೇಡಿ ಎಂದರು. ದಪ್ಪ ಬಾಗಿಲು ಮುಚ್ಚಿತು.

ಆಮೇಲಿನ ದಿನಗಳೆಲ್ಲ ಆ ಮೇಜಿನ ಮೇಲೆ ನಾನು ಒಂದೇ ವಿಷಯ ಯೋಚಿಸುತ್ತ ಮಲಗಿದ್ದೆ. ಗೆರೆ ಎಲ್ಲಿರಬೇಕೋ ಅಲ್ಲಿದೆಯೇ? ಒಂದು ಅಕ್ಕಿಕಾಳಿನಷ್ಟು ಮುಂದೆ ಬಂದಿದ್ದರೆ? ಗುಂಯ್‌ಗುಡುವ ಸದ್ದು ಬಂದಾಗ ಕಣ್ಣನ್ನು ಒಳಕ್ಕೆ, ಹಿಂದಕ್ಕೆ, ತಲೆಯೊಳಗೆ ಎಳೆದುಕೊಳ್ಳಲು ನೋಡುತ್ತಿದ್ದೆ, ಆಮೆಯ ಹಾಗೆ. ಹಾಗೆ ಮಾಡಲು ಆಗುವುದಿಲ್ಲ ಎಂದು ತಿಳಿದೂ ಮಾಡುತ್ತಿದ್ದೆ. ಮನೆಗೆ ಬಂದರೆ ಚಿಕ್ಕಮ್ಮ ಎಂದಿನಂತೆ ತಟ್ಟೆ ಇಡುತ್ತಿದ್ದಳು, ಎಂದಿಗಿಂತ ಕಡಿಮೆ ಮಾತಾಡುತ್ತಿದ್ದಳು. ಅಥವಾ ನಾನೇ ಕಡಿಮೆ ಮಾತಾಡಿಸುತ್ತಿದ್ದೆ.

ಚಿಕಿತ್ಸೆ ಮುಗಿದ ಕೂಡಲೇ ಏನೂ ಆಗಲಿಲ್ಲ. ಊತ ಇನ್ನೂ ಹೆಚ್ಚಾದ ಹಾಗಿತ್ತು. ತಮಿಳರ ಮಾರ್ಗಳಿ ತಿಂಗಳು ಪೂರ್ತಿ ಹೆದರಿಕೆಯಲ್ಲೇ ಕಳೆಯಿತು. ದಿನವೂ ಎದ್ದು ಮೊದಲು ಚಿಕ್ಕಮ್ಮನ ಹಣೆ ನೋಡುವುದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ. ಪೊಂಗಲ್ ಹೊತ್ತಿಗೆ ಒಂದು ಬೆಳಿಗ್ಗೆ ಗೇಟಿನಲ್ಲಿ ಅವಳು ಕೋಲದ ಸುತ್ತ ಕಾವಿಯ ಅಂಚು ಎಳೆಯುತ್ತಿದ್ದಳು. ಬಲಗಣ್ಣಿಗೆ ಕೈ ಅಡ್ಡ ಹಿಡಿದೆ. ಕಾವಿ ಕಾಫಿಪುಡಿಯ ಬಣ್ಣದಲ್ಲಿ ಇರಲಿಲ್ಲ, ತನ್ನ ಬಣ್ಣದಲ್ಲೇ ಇತ್ತು. ಚಿಕ್ಕಮ್ಮ, ಕೆಂಪು ಎಂದೆ. ಅವಳು ಕುಕ್ಕರುಗಾಲಲ್ಲೇ ತಿರುಗಿ ನನ್ನನ್ನು ನೋಡಿದಳು, ನಂಬಲಿಲ್ಲ.

"ಯಾವ ಕೆಂಪು? ಇಟ್ಟಿಗೆ ಕೆಂಪಾ, ಕುಂಕುಮದ ಕೆಂಪಾ? ಸರಿ ಮಾಡಿ ಹೇಳು."

ಇಟ್ಟಿಗೆ ಕೆಂಪು ಎಂದೆ. ಅವಳು ಕಾವಿ ಮೆತ್ತಿದ ಕೈಯಿಂದಲೇ ಮುಖ ಒರೆಸಿಕೊಂಡಳು.

ಎರಡು ಕಾಣುವುದು ಕ್ರಮೇಣ ಒಂದಾಯಿತು. ಕಣ್ಣು ಮೊದಲಿನ ಜಾಗಕ್ಕೆ ಪೂರ್ತಿ ಹೋಗಲಿಲ್ಲ, ಆದರೆ ರೆಪ್ಪೆ ಮುಚ್ಚತೊಡಗಿತು. ನಾನು ಮತ್ತೆ ಪಾಠ ಹೇಳಿದೆ, ದಿನಚರಿ ಬರೆದೆ, ಬೈರಾಸು ಕನ್ನಡಿಯಿಂದ ಬಚ್ಚಲಿಗೆ ಹೋಯಿತು. ಆ ದೀಪಾವಳಿಯ ಬೆಳಗಿನ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ಮಾತಾಡುವಂಥದು ಏನಾದರೂ ಇತ್ತೇ ಎಂಬುದೇ ನನಗೆ ಗೊತ್ತಿರಲಿಲ್ಲ.

ಈಗ ಎಂಬತ್ತರ ದಶಕವೂ ಮುಗಿಯುತ್ತಿದೆ. ಹೋದ ವರ್ಷದಿಂದ ಎಡಗಣ್ಣಿನಲ್ಲಿ ಒಂದು ಮಂಜು. ಎದುರಿಂದ ಬರುವ ಆಟೋದ ದೀಪ ಚೂರುಚೂರಾಗಿ ಒಡೆಯುತ್ತದೆ. ಪೊರೆ ಎಂದರು, ಈ ವಯಸ್ಸಿಗೆ ಬೇಗವಾಯಿತು ಎಂದರು. ಹಿಂದಿನ ಕರೆಂಟಿನಿಂದ ಇರಬಹುದೇ ಎಂದು ಕೇಳಿದೆ. ಇರಬಹುದು, ಆಗ ನುಂಗಿದ ಸ್ಟೀರಾಯ್ಡಿನಿಂದಲೂ ಇರಬಹುದು, ಯಾವ ಕಾರಣವೂ ಇಲ್ಲದೆಯೂ ಬರಬಹುದು ಎಂದರು ಹೊಸ ಡಾಕ್ಟರು. ಆಪರೇಷನ್ ಮಾಡಬೇಕು. ನನ್ನಂಥ ಕಣ್ಣಿನಲ್ಲಿ ಸ್ವಲ್ಪ ಎಚ್ಚರ ಬೇಕು ಎಂದೂ ಸೇರಿಸಿದರು. ಮತ್ತೆ ಆ ಮೇಜು, ಮತ್ತೆ ಅಲ್ಲಾಡಬೇಡಿ. ಹಳೆಯ ಭಯ ಒಂದು ದಿನವೂ ಊರು ಬಿಟ್ಟು ಹೋಗಿಲ್ಲದವರ ಹಾಗೆ ಬಂದು ಕುಳಿತಿದೆ.

ಹೋಟೆಲನ್ನು ಬೇರೆಯವರಿಗೆ ಕೊಟ್ಟ ಮೇಲೆ ಚಿಕ್ಕಪ್ಪ ಚಿಕ್ಕಮ್ಮ ಬೆಸೆಂಟ್ ನಗರದಲ್ಲಿದ್ದಾರೆ. ಭಾನುವಾರ ಸಂಜೆ ನಾನೂ ಚಿಕ್ಕಮ್ಮನೂ ಕಡಲ ದಂಡೆಗೆ ಹೋಗುತ್ತೇವೆ. ಅವಳಿಗೆ ಮಂಡಿನೋವು, ನನಗೆ ಮರಳಿನ ಏರುತಗ್ಗು ತಿಳಿಯುವುದಿಲ್ಲ. ಒಬ್ಬರ ತೋಳು ಇನ್ನೊಬ್ಬರು ಹಿಡಿದಿರುತ್ತೇವೆ. ಕೆಲವು ತಿಂಗಳ ಹಿಂದೆ ಹಾಗೆ ಕುಳಿತಿದ್ದಾಗ ಅವಳು ಯೋಚನೆಯಿಲ್ಲದೆ ಒದ್ದೆ ಮರಳಿನ ಮೇಲೆ ಬೆರಳಿನಿಂದ ಒಂದು ಚೌಕ ಬರೆದಳು. ನಾಲ್ಕನೆಯ ಗೆರೆ ಹೊರಟ ಜಾಗಕ್ಕೇ ಬಂದು ಸೇರಿತು. ಅದನ್ನು ನೋಡಿ ನನ್ನ ಬಾಯಿಂದ ಪ್ರಶ್ನೆ ಹೊರಬಿತ್ತು. ಹೌದು ಎಂದರೆ ಏನು ಮಾಡುತ್ತೇನೆ ಎಂದು ನನಗೆ ತಿಳಿಯದು. ಇಷ್ಟು ವರ್ಷ ಕೆಂಪು ಕಾಣಿಸಿದ್ದೂ ಆ ಗೆರೆಯೇ ಇರಬಹುದಲ್ಲ. ಇಲ್ಲ ಎಂದರೆ ನಂಬುತ್ತೇನೆಯೇ, ಅದೂ ತಿಳಿಯದು. ಅವಳು ಅಂಗೈಯಿಂದ ಮರಳನ್ನು ಸಮ ಮಾಡಿದಳು, ಗಾಳಿ ಜೋರಾಯಿತು, ಕಣ್ಣಿಗೆ ಸೆರಗು ಹಿಡಿ ಎಂದಳು. ಆಮೇಲೆ ಎಷ್ಟೋ ಭಾನುವಾರ ಹೋಗಿಬಂದೆವು. ಉತ್ತರ ಬಂದಿಲ್ಲ, ಎರಡನೆಯ ಸಲ ಕೇಳುವ ಧೈರ್ಯ ನನಗಿಲ್ಲ. ಅವತ್ತು ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಆ ದೀಪಾವಳಿ ದಿನ ನನ್ನ ಎಡಗಡೆಯ ಗೆರೆ ಅಳಿಸಿಹೋಗಿತ್ತಾ? ಮತ್ತೆ ಬರೆದದ್ದು ನೀನಾ?"